ಸ್ಲಾಟಿಗೆ ತಕ್ಕ ರ‍್ಯಾಮ್

ಮೈಸೂರಿನ ನಜರ್‌ಬಾದಿನ ಮಿನಿ ವಿಧಾನಸೌಧಕ್ಕೆ ಪಹಣಿ, ಖಾತೆ, ಇಸಿ ಎಂದು ಬರುವವರು ಕೌಂಟರಿಗಿಂತ ಮೊದಲು ಹುಡುಕುವುದು ಟೈಪಿಂಗ್ ಅಂಗಡಿಯನ್ನು. ಅಂಥ ಅಂಗಡಿಯ ಕಂಪ್ಯೂಟರಿಗೆ ಬಿಡುವೆಂಬುದಿಲ್ಲ. ನುಡಿ ತಂತ್ರಾಂಶದಲ್ಲಿ ಅರ್ಜಿ ತೆರೆದಿರುತ್ತದೆ, ಬ್ರೌಸರಿನಲ್ಲಿ ಭೂಮಿ ಮತ್ತು ಕಾವೇರಿ ತಾಣಗಳು, ಸ್ಕ್ಯಾನರಿನಿಂದ ಬಂದ ಆಧಾರ್ ಪ್ರತಿ, ಅದನ್ನು ಪಿಡಿಎಫ್ ಮಾಡುವ ತಂತ್ರಾಂಶ, ಇನ್ನೊಂದು ಟ್ಯಾಬಿನಲ್ಲಿ ಗಿರಾಕಿಗಳು ದಾಖಲೆ ಕಳಿಸುವ ವಾಟ್ಸ್‌ಆ್ಯಪ್. ಮಧ್ಯಾಹ್ನದ ಹೊತ್ತಿಗೆ ಮೌಸ್ ತೆವಳತೊಡಗುತ್ತದೆ, ಪ್ರಿಂಟ್ ಕೊಟ್ಟರೆ ಅರ್ಧ ನಿಮಿಷ ಸುಮ್ಮನೆ ನಿಲ್ಲುತ್ತದೆ. ‘ಸಿಸ್ಟಮ್ ಸ್ಲೋ ಆಗಿದೆ, ರ‍್ಯಾಮ್ ಹಾಕಿಸಬೇಕು’ ಎಂಬ ತೀರ್ಮಾನ ಆಗುವುದು ಆಗಲೇ.

ಈ ಅಧ್ಯಾಯಕ್ಕೆ ಅಂಥದೊಂದು ಯಂತ್ರವನ್ನೇ ಮಾದರಿಯಾಗಿ ಇಟ್ಟುಕೊಳ್ಳೋಣ. ಇಂಟೆಲ್‌ನ ನಾಲ್ಕನೇ ಪೀಳಿಗೆಯ ಐ3 ಪ್ರೊಸೆಸರ್, ಎಚ್81 ಚಿಪ್‌ಸೆಟ್ಟಿನ ಮದರ್‌ಬೋರ್ಡ್, ಎರಡು ಸ್ಲಾಟ್, ಒಂದರಲ್ಲಿ ಮಾತ್ರ 4 ಜಿಬಿ. 2014ರ ಆಸುಪಾಸಿನಲ್ಲಿ ಅಸೆಂಬಲ್ ಮಾಡಿಸಿದ ಎಷ್ಟೋ ಡೆಸ್ಕ್‌ಟಾಪುಗಳ ಜಾತಕ ಇದೇ.

ಇದಕ್ಕೆ ಯಾವ ರ‍್ಯಾಮ್ ಆಗುತ್ತದೆ, ಯಾವುದು ಆಗುವುದಿಲ್ಲ ಎಂಬುದು ಅಂಗಡಿಯವರ ಮರ್ಜಿಯಂತೆ ಕಾಣಬಹುದು. ಹಾಗೇನಿಲ್ಲ. ರ‍್ಯಾಮ್ ಕೆಲಸ ಮಾಡಬೇಕಾದರೆ ಮೂವರು ಒಪ್ಪಬೇಕು: ಪ್ರೊಸೆಸರಿನೊಳಗಿನ ಮೆಮೊರಿ ಕಂಟ್ರೋಲರ್, ಮದರ್‌ಬೋರ್ಡಿನ ಮೇಲಿನ ತಾಮ್ರದ ಗೆರೆಗಳು, ಸ್ಲಾಟಿನಲ್ಲಿ ಕೂರುವ ಸ್ಟಿಕ್. ಇವರ ಕರಾರಿನಲ್ಲಿ ಕೆಲವು ಷರತ್ತುಗಳು ಎಳ್ಳಷ್ಟೂ ಸಡಿಲವಾಗುವುದಿಲ್ಲ. ಇನ್ನು ಕೆಲವನ್ನು ಯಂತ್ರ ತಾನೇ ಹೊಂದಿಸಿಕೊಳ್ಳುತ್ತದೆ. ಯಾವುದು ಬಿಗಿ, ಯಾವುದು ಸಡಿಲ ಎಂದು ಗೊತ್ತಾದರೆ ಆಯ್ಕೆಯ ಮುಕ್ಕಾಲು ಪಾಲು ಮುಗಿಯಿತು.

ಕೊರತೆ ಎಲ್ಲಿದೆ?

ದುಡ್ಡು ತೆಗೆಯುವ ಮೊದಲು ಒಂದು ಪರೀಕ್ಷೆ. ಕೆಲಸ ಭರಾಟೆಯಲ್ಲಿರುವಾಗಲೇ ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರನ್ನೂ ಒಟ್ಟಿಗೆ ಒತ್ತಿ ಟಾಸ್ಕ್ ಮ್ಯಾನೇಜರ್ ತೆರೆಯಬೇಕು. ಮೆಮೊರಿ ಶೇ. 90 ದಾಟಿ ನಿಂತಿದೆ, ಡಿಸ್ಕ್ ಕೂಡ 100ರ ಹತ್ತಿರವಿದೆ ಎಂದರೆ ರ‍್ಯಾಮ್ ಸಾಲುತ್ತಿಲ್ಲ. ಜಾಗ ಸಾಲದಾದಾಗ ವಿಂಡೋಸ್ ಸದ್ಯಕ್ಕೆ ಬೇಡದ ಪುಟಗಳನ್ನು ರ‍್ಯಾಮಿನಿಂದ ಎತ್ತಿ ಹಾರ್ಡ್‌ಡಿಸ್ಕಿಗೆ ಬರೆಯುತ್ತದೆ, ಬೇಕಾದಾಗ ಮತ್ತೆ ತರುತ್ತದೆ. ರ‍್ಯಾಮಿನಿಂದ ಒಂದು ಮಾಹಿತಿ ಪ್ರೊಸೆಸರಿಗೆ ತಲುಪಲು ಸುಮಾರು 100 ನ್ಯಾನೊಸೆಕೆಂಡ್ ಸಾಕು. ತಿರುಗುವ ಹಾರ್ಡ್‌ಡಿಸ್ಕಿಗೆ ಸುಮಾರು 10 ಮಿಲಿಸೆಕೆಂಡ್ ಬೇಕು, ಅಂದರೆ ಲಕ್ಷ ಪಟ್ಟು ಹೆಚ್ಚು. ಮೌಸ್ ತೆವಳುವುದು ಈ ಓಡಾಟದಿಂದ.

ಮೆಮೊರಿ ಅರ್ಧದಷ್ಟೇ ತುಂಬಿದ್ದು ಡಿಸ್ಕ್ ಮಾತ್ರ ಏದುಸಿರು ಬಿಡುತ್ತಿದ್ದರೆ ಬೇಕಾದದ್ದು ಎಸ್‌ಎಸ್‌ಡಿ, ರ‍್ಯಾಮ್ ಅಲ್ಲ. ಹಾಕಿರುವ ವಿಂಡೋಸ್ 32 ಬಿಟ್ಟಿನದೇ ಎಂಬುದನ್ನೂ ನೋಡಿಕೊಳ್ಳಬೇಕು. 32 ಬಿಟ್‌ಗಳಲ್ಲಿ ಬರೆಯಬಹುದಾದ ವಿಳಾಸಗಳು 429,49,67,296, ಅಂದರೆ 4 ಜಿಬಿ. ಅದರಲ್ಲೂ ಒಂದಿಷ್ಟು ವಿಳಾಸ ಗ್ರಾಫಿಕ್ಸ್ ಮುಂತಾದ ಸಾಧನಗಳ ಪಾಲಾಗುತ್ತದೆ. ಅಂಥ ಯಂತ್ರಕ್ಕೆ 8 ಜಿಬಿ ಹಾಕಿದರೂ ಹೆಚ್ಚಿನದು ಲೆಕ್ಕಕ್ಕಿಲ್ಲ. 64 ಬಿಟ್ಟಿನ ವಿಂಡೋಸ್ ಹಾಕಿದ ಮೇಲೆಯೇ ರ‍್ಯಾಮಿನ ಮಾತು.

ಸೋರುವ ವಿದ್ಯುತ್ತು

ರ‍್ಯಾಮ್ ಇಷ್ಟೊಂದು ಷರತ್ತು ಹಾಕುವುದೇಕೆ? ಪೆನ್‌ಡ್ರೈವ್‌ಗೆ ಈ ತಕರಾರಿಲ್ಲ. ಹತ್ತು ವರ್ಷ ಹಳೆಯ ಪೆನ್‌ಡ್ರೈವ್ ಕೂಡ ನೆನ್ನೆ ಕೊಂಡ ಕಂಪ್ಯೂಟರಿನಲ್ಲಿ ತೆರೆದುಕೊಳ್ಳುತ್ತದೆ. ಪೆನ್‌ಡ್ರೈವಿನೊಳಗೆ ಅದರದೇ ಕಂಟ್ರೋಲರ್ ಇದೆ, ಒಳಗಿನ ಚಿಪ್ಪಿನ ರೀತಿನೀತಿಯನ್ನೆಲ್ಲ ಅದೇ ನೋಡಿಕೊಳ್ಳುತ್ತದೆ. ರ‍್ಯಾಮ್ ಸ್ಟಿಕ್ಕಿನಲ್ಲಿ ಅಂಥ ಮಧ್ಯವರ್ತಿ ಇಲ್ಲ. ಅದರ ಕಂಟ್ರೋಲರ್ ಇರುವುದು ಪ್ರೊಸೆಸರಿನೊಳಗೆ: ಎಎಂಡಿ 2003ರಲ್ಲಿ, ಇಂಟೆಲ್ 2008ರಲ್ಲಿ ತಮ್ಮ ಡೆಸ್ಕ್‌ಟಾಪ್ ಪ್ರೊಸೆಸರುಗಳ ಒಳಗೆ ಅದನ್ನು ಸೇರಿಸಿದವು. ಸ್ಟಿಕ್ಕಿನ ಒಂದೊಂದು ಚಿಪ್ಪಿನ ಒಳರಚನೆ, ಅದು ಬೇಡುವ ಸಮಯ, ವೋಲ್ಟೇಜು ಎಲ್ಲವೂ ದೂರದ ಆ ಕಂಟ್ರೋಲರಿಗೆ ಮೊದಲೇ ತಿಳಿದಿರಬೇಕು.

ತಿಳಿಯಬೇಕಾದದ್ದು ಅಷ್ಟೊಂದಿರುವುದಕ್ಕೆ ಕಾರಣ 1966ರ ಒಂದು ಹೊಳಹು. ಐಬಿಎಂ ಸಂಸ್ಥೆಯ ಎಂಜಿನಿಯರ್ ರಾಬರ್ಟ್ ಡೆನ್ನಾರ್ಡ್ ಒಂದು ಬಿಟ್ ಮಾಹಿತಿಯನ್ನು ಒಂದೇ ಟ್ರಾನ್ಸಿಸ್ಟರ್ ಮತ್ತು ಒಂದು ಪುಟ್ಟ ಕೆಪಾಸಿಟರಿನಲ್ಲಿ ಹಿಡಿದಿಡುವ ದಾರಿ ಕಂಡರು. 1968ರ ಜೂನ್‌ನಲ್ಲಿ ಪೇಟೆಂಟ್ ಸಿಕ್ಕಿತು. ಕೆಪಾಸಿಟರಿನಲ್ಲಿ ವಿದ್ಯುದಾವೇಶ ಇದ್ದರೆ ಒಂದು, ಇಲ್ಲದಿದ್ದರೆ ಸೊನ್ನೆ. ರಚನೆ ಇಷ್ಟು ಸರಳವಾದ್ದರಿಂದಲೇ ಇಂದಿನ 8 ಜಿಬಿ ಸ್ಟಿಕ್ಕಿನಲ್ಲಿ ಸುಮಾರು 6,870 ಕೋಟಿ ಕೋಶಗಳು ಹಿಡಿಸುತ್ತವೆ. 1970ರಲ್ಲಿ ಇಂಟೆಲ್ ಮಾರಿದ 1103 ಎಂಬ ಚಿಪ್ಪಿನಲ್ಲಿ ಇದ್ದದ್ದು ಬರೀ 1,024 ಬಿಟ್.

ಆದರೆ ಅಷ್ಟು ಚಿಕ್ಕ ಕೆಪಾಸಿಟರಿನಲ್ಲಿ ನಿಲ್ಲುವುದು ಕೆಲವು ಹತ್ತು ಸಾವಿರ ಎಲೆಕ್ಟ್ರಾನುಗಳು ಮಾತ್ರ, ಅವೂ ಸೋರಿಹೋಗುತ್ತಿರುತ್ತವೆ. ಹಾಗಾಗಿ ಪ್ರತಿ 64 ಮಿಲಿಸೆಕೆಂಡಿನೊಳಗೆ ಎಲ್ಲ ಸಾಲುಗಳನ್ನೂ ಒಮ್ಮೆ ಓದಿ ಮತ್ತೆ ತುಂಬಬೇಕು. ನೀವು ಈ ವಾಕ್ಯ ಓದಿ ಮುಗಿಸುವಷ್ಟರಲ್ಲಿ ಪಕ್ಕದ ಕಂಪ್ಯೂಟರಿನ ಇಡೀ ರ‍್ಯಾಮ್ ಹತ್ತಾರು ಸಲ ಮರುಪೂರಣಗೊಂಡಿರುತ್ತದೆ. ಓದುವುದೂ ಸುಲಭವಲ್ಲ. ಕೋಶವನ್ನು ಓದಿದೊಡನೆ ಅದರ ಆವೇಶ ಖಾಲಿಯಾಗುತ್ತದೆ, ಓದಿದ್ದನ್ನು ಅಲ್ಲೇ ಮತ್ತೆ ಬರೆಯಬೇಕು. ಯಾವ ಸಾಲು, ಯಾವ ಕಂಬ, ಎಷ್ಟು ಹೊತ್ತು ಕಾಯಬೇಕು ಎಂಬ ಲೆಕ್ಕದಲ್ಲಿ ಕಂಟ್ರೋಲರ್ ತಪ್ಪಿದರೆ ಮಾಹಿತಿ ಹೋಯಿತು.

ಬಿಗಿ ಷರತ್ತು ಒಂದು: ಪೀಳಿಗೆ

ಬೇರೆ ಬೇರೆ ಕಂಪನಿಗಳ ಚಿಪ್, ಬೋರ್ಡ್, ಪ್ರೊಸೆಸರ್ ಒಂದಕ್ಕೊಂದು ಹೊಂದಬೇಕಾದರೆ ನಿಯಮವನ್ನು ಒಂದು ಕಡೆ ಬರೆದಿಡಬೇಕಲ್ಲವೆ? ಆ ಕೆಲಸ ಜೆಡೆಕ್ ಎಂಬ ಉದ್ಯಮ ಸಂಘಟನೆಯದು. ಅದು ಡಿಡಿಆರ್ ಮಾನದಂಡ ಪ್ರಕಟಿಸಿದ್ದು 2000ದಲ್ಲಿ. ಡಿಡಿಆರ್2 ಬಂದದ್ದು 2003ರಲ್ಲಿ, ಡಿಡಿಆರ್3 2007ರಲ್ಲಿ, ಡಿಡಿಆರ್4 2012ರಲ್ಲಿ, ಡಿಡಿಆರ್5 2020ರಲ್ಲಿ. ಕೆಲಸದ ವೋಲ್ಟೇಜು ಹಂತಹಂತವಾಗಿ ಇಳಿಯಿತು: 2.5, 1.8, 1.5, 1.2, ಈಗ 1.1. ಚಿಪ್ ಬಳಸುವ ವಿದ್ಯುತ್ತು ಹೆಚ್ಚುಕಡಿಮೆ ವೋಲ್ಟೇಜಿನ ವರ್ಗಕ್ಕೆ ತಕ್ಕಂತೆ ಬದಲಾಗುತ್ತದೆ. 1.5ರಿಂದ 1.2ಕ್ಕೆ ಇಳಿದದ್ದು ಸಣ್ಣದೆನಿಸಿದರೂ, ಉಳಿದೆಲ್ಲ ಹಾಗೇ ಇದ್ದರೆ ಉಳಿತಾಯ ಶೇ. 36. ಡಿಡಿಆರ್5 ಬಂದಾಗ ವೋಲ್ಟೇಜು ಹೊಂದಿಸುವ ಚಿಪ್ ಕೂಡ ಮದರ್‌ಬೋರ್ಡಿನಿಂದ ಸ್ಟಿಕ್ಕಿನ ಮೇಲಕ್ಕೇ ಬಂತು.

ಹೊರಗಿನಿಂದ ನೋಡಿದರೆ ಇವೆಲ್ಲ ಅಣ್ಣತಮ್ಮಂದಿರು. ಉದ್ದ ಎಲ್ಲಕ್ಕೂ 133.35 ಮಿಲಿಮೀಟರ್. ಡಿಡಿಆರ್2, ಡಿಡಿಆರ್3 ಎರಡಕ್ಕೂ 240 ಪಿನ್, ಡಿಡಿಆರ್4, ಡಿಡಿಆರ್5 ಎರಡಕ್ಕೂ 288. ಗುರುತು ಇರುವುದು ಚಿನ್ನದ ಬಣ್ಣದ ಪಿನ್ನುಗಳ ನಡುವಿನ ಸಣ್ಣ ಕಚ್ಚಿನಲ್ಲಿ. ಪೀಳಿಗೆ ಬದಲಾದಂತೆ ಅದು ಕೆಲವು ಮಿಲಿಮೀಟರ್ ಆಚೀಚೆ ಸರಿಯುತ್ತದೆ. ಸ್ಲಾಟಿನೊಳಗಿನ ಪ್ಲಾಸ್ಟಿಕ್ ದಿಂಡು ಅದಕ್ಕೆ ಸರಿಯಾಗಿ ಕೂರದಿದ್ದರೆ ಸ್ಟಿಕ್ ಒಳಗೆ ಇಳಿಯುವುದಿಲ್ಲ. 1.2 ವೋಲ್ಟಿನ ಚಿಪ್ಪಿಗೆ 1.5 ವೋಲ್ಟ್ ನುಗ್ಗದಂತೆ ಕಾಯುವುದು ಇದೇ ಕಚ್ಚು. ಇಳಿಯುತ್ತಿಲ್ಲವೆಂದು ಬಲ ಹಾಕಿದರೆ ಸ್ಲಾಟ್ ಮುರಿಯುತ್ತದೆ.

ನಜರ್‌ಬಾದ್ ಎಂಬ ಊರು ಹುಟ್ಟಿದ್ದೇ ಹಳೆಯದನ್ನು ಕಿತ್ತು ಹೊಸತಕ್ಕೆ ಜೋಡಿಸುವ ಯತ್ನದಿಂದ. ಟಿಪ್ಪು ಸುಲ್ತಾನ್ 1787ರಲ್ಲಿ ಮೈಸೂರಿನ ಹಳೆಯ ಕೋಟೆ ಕೆಡವಿಸಿ, ಅದೇ ಕಲ್ಲುಗಳನ್ನು ಪೂರ್ವದ ಈ ದಿನ್ನೆಗೆ ಸಾಗಿಸಿ ನಜರ್‌ಬಾದ್ ಕೋಟೆ ಕಟ್ಟಿಸಲು ಹೊರಟ. 1799ರಲ್ಲಿ ಅವನು ಮಡಿದ ಮೇಲೆ ಆ ಕಲ್ಲುಗಳು ಬಂದ ದಾರಿಯಲ್ಲೇ ವಾಪಸು ಹೋದವು, ಹಳೆಯ ಕೋಟೆ ಮತ್ತೆ ಎದ್ದಿತು. ಕಲ್ಲಿಗೆ ಯಾವ ಗೋಡೆಯಾದರೇನು? ರ‍್ಯಾಮಿಗೆ ಆ ಸೌಲಭ್ಯವಿಲ್ಲ. ಡಿಡಿಆರ್3 ಸ್ಟಿಕ್ ಡಿಡಿಆರ್3 ಬೋರ್ಡಿನಲ್ಲೇ ಹುಟ್ಟಿ ಅಲ್ಲೇ ಮುಗಿಯಬೇಕು.

ಕೇಳಬೇಕಾದದ್ದು ಬೋರ್ಡಿನ ಹೆಸರು, ಪ್ರೊಸೆಸರಿನ ಹೆಸರಷ್ಟೇ ಸಾಲದು. ಇಂಟೆಲ್‌ನ 12ನೇ ಪೀಳಿಗೆಯ ಪ್ರೊಸೆಸರ್ ಡಿಡಿಆರ್4, ಡಿಡಿಆರ್5 ಎರಡನ್ನೂ ಬಲ್ಲದು; ಯಾವ ಸ್ಲಾಟ್ ಇದೆ ಎಂಬುದು ಬೋರ್ಡ್ ತಯಾರಕರ ತೀರ್ಮಾನ. ಆರನೇ ಪೀಳಿಗೆಯಲ್ಲೂ ಡಿಡಿಆರ್4ರ ಬೋರ್ಡುಗಳ ಜೊತೆಗೆ 1.35 ವೋಲ್ಟಿನ ಡಿಡಿಆರ್3ಎಲ್ ಬೋರ್ಡುಗಳೂ ಬಂದವು. ಎಎಂಡಿಯ ಎಎಂ4 ಸಾಕೆಟ್ಟಿಗೆ ಡಿಡಿಆರ್4, ಎಎಂ5ಕ್ಕೆ ಡಿಡಿಆರ್5 ಎಂಬುದು ನೇರ. ಕಚೇರಿಗಳಲ್ಲಿ ಕಾಣುವ ಅಂಗೈ ಗಾತ್ರದ ಬ್ರ್ಯಾಂಡೆಡ್ ಡೆಸ್ಕ್‌ಟಾಪುಗಳಲ್ಲಿ ಲ್ಯಾಪ್‌ಟಾಪಿನ ಗಿಡ್ಡ ಸ್ಟಿಕ್ ಇರುವುದುಂಟು. ಆದ್ದರಿಂದ ತೆರೆದು ನೋಡದೆ ಕೊಳ್ಳಬಾರದು.

ಬಿಗಿ ಷರತ್ತು ಎರಡು: ಲೇಬಲ್ಲಿನ ಒಂದು ಅಕ್ಷರ

ನಮ್ಮ ಮಾದರಿ ಯಂತ್ರದ ಸ್ಟಿಕ್ ತೆಗೆದು ಬೆಳಕಿಗೆ ಹಿಡಿದರೆ ಬಿಳಿ ಚೀಟಿಯ ಮೇಲೆ ಹೀಗೊಂದು ಸಾಲು ಕಾಣುತ್ತದೆ: ‘4ಜಿಬಿ 1ಆರ್‌ಎಕ್ಸ್8 ಪಿಸಿ3-12800ಯು-11-11-ಎ1’. ಬೀಜಾಕ್ಷರದಂತೆ ಕಂಡರೂ ಒಂದೊಂದಕ್ಕೂ ಅರ್ಥವಿದೆ. ಪಿಸಿ3 ಎಂದರೆ ಡಿಡಿಆರ್3. 3ರ ಪಕ್ಕ ಎಲ್ ಇದ್ದಿದ್ದರೆ 1.35 ವೋಲ್ಟಿನದು. ಅಂಥದ್ದು 1.5 ವೋಲ್ಟಿನಲ್ಲೂ ನಡೆಯುತ್ತದೆ, ಆದ್ದರಿಂದ ಈ ಬೋರ್ಡಿಗೆ ಎರಡೂ ಆದೀತು. 12800 ಎಂಬುದು ಸೆಕೆಂಡಿಗೆ ಸಾಗಿಸಬಲ್ಲ ಮೆಗಾಬೈಟುಗಳು: ಸೆಕೆಂಡಿಗೆ 160 ಕೋಟಿ ಸಲ, ಸಲಕ್ಕೆ 8 ಬೈಟ್. ಅಂಗಡಿಯಲ್ಲಿ ‘1600 ಬಸ್’ ಎನ್ನುವುದು ಇದನ್ನೇ.

ಎಲ್ಲಕ್ಕಿಂತ ಮುಖ್ಯ ಆ ಅಂಕಿಯ ಬೆನ್ನಿಗಿರುವ ‘ಯು’. ಮಾಮೂಲಿ ಡೆಸ್ಕ್‌ಟಾಪಿಗೆ ಬೇಕಾದದ್ದು ಯು. ಅದರ ಜಾಗದಲ್ಲಿ ‘ಆರ್’ ಇದ್ದರೆ ಅದು ಸರ್ವರ್ ರ‍್ಯಾಮ್. ಸರ್ವರಿನಲ್ಲಿ ಹತ್ತಾರು ಸ್ಟಿಕ್ ಇರುವುದರಿಂದ ಕಂಟ್ರೋಲರಿನ ಮೇಲಿನ ಹೊರೆ ತಗ್ಗಿಸಲು ಸ್ಟಿಕ್ಕಿನ ನಡುವೆ ರಿಜಿಸ್ಟರ್ ಎಂಬ ಹೆಚ್ಚಿನ ಚಿಪ್ ಇಟ್ಟಿರುತ್ತಾರೆ. ಡೆಸ್ಕ್‌ಟಾಪ್ ಕಂಟ್ರೋಲರಿಗೆ ಅದರೊಡನೆ ವ್ಯವಹರಿಸಲು ಬಾರದು. ಹಳೆಯ ಸರ್ವರುಗಳಿಂದ ಕಳಚಿದ 16 ಜಿಬಿ ಸ್ಟಿಕ್ಕುಗಳು ಬೆಂಗಳೂರಿನ ಎಸ್‌.ಪಿ. ರಸ್ತೆಯಲ್ಲೋ ಆನ್‌ಲೈನಿನಲ್ಲೋ ಅಗ್ಗಕ್ಕೆ ಸಿಕ್ಕಾಗ ಈ ಒಂದಕ್ಷರ ನೋಡದೆ ಕೊಂಡವರಿಗೆ ಆಗುವ ಅನುಭವ ಒಂದೇ. ಸ್ಲಾಟಿನಲ್ಲಿ ಕೂರುತ್ತದೆ, ಫ್ಯಾನ್ ತಿರುಗುತ್ತದೆ, ಡಿಸ್‌ಪ್ಲೇ ಬರುವುದಿಲ್ಲ.

ಒಂದು ಬದಿಯಲ್ಲಿ ಎಂಟರ ಬದಲು ಒಂಬತ್ತು ಚಿಪ್ ಕಂಡರೆ ಅದು ಇಸಿಸಿ, ತಪ್ಪು ತಿದ್ದುವ ರ‍್ಯಾಮ್. 64 ಬಿಟ್ ಮಾಹಿತಿಯ ಜೊತೆಗೆ 8 ಬಿಟ್ ಕಾವಲು. ಇಂಥ ಕಾವಲು ಏಕೆ ಬೇಕೆಂಬುದನ್ನು 1978ರಲ್ಲಿ ಇಂಟೆಲ್‌ನ ತಿಮೋತಿ ಮೇ ಮತ್ತು ಮರ್ರೆ ವುಡ್ಸ್ ತೋರಿಸಿದರು. ಚಿಪ್ಪಿನ ಹೊರಕವಚದಲ್ಲಿದ್ದ ವಿಕಿರಣಶೀಲ ಕಲ್ಮಶದಿಂದ ಹೊಮ್ಮಿದ ಆಲ್ಫಾ ಕಣವೊಂದು ಸಾಕು, ಕೋಶದ ಅತ್ಯಲ್ಪ ಆವೇಶ ಏರುಪೇರಾಗಿ ಬಿಟ್ ಅದಲುಬದಲಾಗಲು. ಬ್ಯಾಂಕಿನ ಸರ್ವರಿಗೆ ಈ ಕಾವಲು ಅಗತ್ಯ. ಅರ್ಜಿ ಟೈಪ್ ಮಾಡುವ ಡೆಸ್ಕ್‌ಟಾಪಿಗೆ ಅದು ಬೇಕಿಲ್ಲ, ಎಚ್81 ಬೋರ್ಡ್ ಅದನ್ನು ಬಳಸಿಕೊಳ್ಳುವುದೂ ಇಲ್ಲ.

ಬಿಗಿ ಷರತ್ತು ಮೂರು: ಚಿಪ್ಪಿನ ಸಾಂದ್ರತೆ

ಎಲ್ಲ ಸರಿಯಿದ್ದೂ ಸ್ಟಿಕ್ ಕೆಲಸ ಮಾಡದಿದ್ದಾಗ ತಲೆಕೆಡಿಸುವುದು ಈ ಮೂರನೆಯದು. ಇದಕ್ಕೆ ಇಂದಿಗೂ ಅಲ್ಲಲ್ಲಿ ಉಸಿರಾಡುತ್ತಿರುವ ಜಿ41 ಬೋರ್ಡ್ ಒಳ್ಳೆಯ ಉದಾಹರಣೆ. ಡಿಡಿಆರ್3 ಸ್ಲಾಟ್ ಇರುವ ಜಿ41ಕ್ಕೆ 4 ಜಿಬಿ ಸ್ಟಿಕ್ ಹಾಕಬಹುದು ಎಂದು ಕೈಪಿಡಿಯಲ್ಲಿರುತ್ತದೆ. ಹೊಸ 4 ಜಿಬಿ ಸ್ಟಿಕ್ ಹಾಕಿದರೆ ಮಾತ್ರ ಮೇಲೇಳುವುದಿಲ್ಲ. ಲೆಕ್ಕ ಹೀಗಿದೆ: 4 ಜಿಬಿ ಅಂದರೆ 32 ಗಿಗಾಬಿಟ್. ಇದನ್ನು 2 ಗಿಗಾಬಿಟ್ಟಿನ 16 ಚಿಪ್ಪುಗಳಿಂದ ಮಾಡಬಹುದು, 4 ಗಿಗಾಬಿಟ್ಟಿನ 8 ಚಿಪ್ಪುಗಳಿಂದಲೂ ಮಾಡಬಹುದು. ಜಿ41ರ ಕಂಟ್ರೋಲರ್ ರೂಪುಗೊಂಡಾಗ 4 ಗಿಗಾಬಿಟ್ಟಿನ ಚಿಪ್ಪನ್ನು ಲೆಕ್ಕಕ್ಕೆ ಹಿಡಿದಿರಲಿಲ್ಲ, ಅಷ್ಟು ಸಾಲುಗಳ ವಿಳಾಸ ಬರೆಯಲು ಅದಕ್ಕೆ ಬಾರದು. ಎರಡೂ ಬದಿ ಎಂಟೆಂಟು ಚಿಪ್ಪಿರುವ, ಲೇಬಲ್ಲಿನಲ್ಲಿ ‘2ಆರ್‌ಎಕ್ಸ್8’ ಎಂದಿರುವ ಹಳೆಯ ಸ್ಟಿಕ್ ಹುಡುಕಿದರೆ ಅದೇ ಬೋರ್ಡ್ ಸಲೀಸಾಗಿ ಎದ್ದು ಕೂರುತ್ತದೆ.

ಇದೇ ಗೋಡೆ ನಮ್ಮ ಎಚ್81ಕ್ಕೆ ಒಂದು ಮೆಟ್ಟಿಲು ಮೇಲಿದೆ. ನಾಲ್ಕನೇ ಪೀಳಿಗೆಯ ಇಂಟೆಲ್ ಡೆಸ್ಕ್‌ಟಾಪ್ ಪ್ರೊಸೆಸರುಗಳಿಗೆ 8 ಗಿಗಾಬಿಟ್ಟಿನ ಡಿಡಿಆರ್3 ಚಿಪ್ ಗೊತ್ತಿಲ್ಲ. ಹಾಗಾಗಿ ಒಂದು ಸ್ಲಾಟಿಗೆ 8 ಜಿಬಿ, ಎರಡಕ್ಕೂ ಸೇರಿ 16 ಜಿಬಿ, ಅಲ್ಲಿಗೆ ಮುಗಿಯಿತು. ಬೋರ್ಡ್ ತಯಾರಕರ ತಾಣದಲ್ಲಿ ಮಾಡೆಲ್ ಹೆಸರು ಹಾಕಿ ಗರಿಷ್ಠ ಮಿತಿ, ಸ್ಲಾಟಿನ ಮಿತಿ ಎರಡನ್ನೂ ನೋಡಬೇಕು. ಮಾಡೆಲ್ ಹೆಸರು ಬೋರ್ಡಿನ ಮೇಲೆಯೇ ದಪ್ಪಕ್ಷರದಲ್ಲಿ ಅಚ್ಚಾಗಿರುತ್ತದೆ.

ಸಡಿಲ ಷರತ್ತು: ವೇಗ, ಬ್ರ್ಯಾಂಡು, ಜೋಡಿ

ಜನ ಹೆಚ್ಚು ಚಿಂತೆ ಮಾಡುವುದು ವೇಗದ ಬಗ್ಗೆ, ಕಡಿಮೆ ಚಿಂತೆ ಮಾಡಬೇಕಾದದ್ದೂ ಅದರ ಬಗ್ಗೆಯೇ. ಪ್ರತಿ ಸ್ಟಿಕ್ಕಿನ ಮೇಲೂ ಅಕ್ಕಿಕಾಳಿನಷ್ಟು ದೊಡ್ಡದೊಂದು ಚಿಪ್ ಇದೆ, ಹೆಸರು ಎಸ್‌ಪಿಡಿ. ತಾನು ಎಷ್ಟು ವೇಗಕ್ಕೆ, ಎಷ್ಟು ಕಾಯುವಿಕೆಗೆ ತಯಾರಾದವನು ಎಂಬ ವಿವರ ಅದರಲ್ಲಿ ಬರೆದಿರುತ್ತದೆ. ಸ್ವಿಚ್ ಒತ್ತಿದ ಮೊದಲ ಕ್ಷಣಗಳಲ್ಲಿ ಬಯಾಸ್ ಎರಡೂ ಸ್ಟಿಕ್ಕುಗಳ ವಿವರ ಓದಿ, ಪ್ರೊಸೆಸರಿನ ಮಿತಿಯನ್ನೂ ಸೇರಿಸಿ ಎಲ್ಲರಿಗೂ ಸಾಧ್ಯವಾಗುವ ವೇಗವೊಂದನ್ನು ಗೊತ್ತುಮಾಡುತ್ತದೆ. 1600ರ ಜೊತೆಗೆ 1333ರ ಸ್ಟಿಕ್ ಹಾಕಿದರೆ ಎರಡೂ 1333ರಲ್ಲಿ ಓಡುತ್ತವೆ. ಏಳನೇ ಪೀಳಿಗೆಯ ಪ್ರೊಸೆಸರಿನ ಎಚ್110 ಬೋರ್ಡಿಗೆ 3200ರ ಡಿಡಿಆರ್4 ಹಾಕಿದರೆ ಅದು 2400ಕ್ಕೆ ಇಳಿದು ದುಡಿಯುತ್ತದೆ. ಕೆಟ್ಟುಹೋಗುವುದಿಲ್ಲ, ಹೆಚ್ಚು ಕೊಟ್ಟ ದುಡ್ಡಷ್ಟೇ ವ್ಯರ್ಥ. ಡಬ್ಬಿಯ ಮೇಲೆ 3600 ಎಂದಿದ್ದರೆ ಅದು ಜೆಡೆಕ್ ವೇಗವೂ ಅಲ್ಲ. ಬಯಾಸಿನಲ್ಲಿ ಎಕ್ಸ್‌ಎಂಪಿ ಎಂಬುದನ್ನು ಆನ್ ಮಾಡಿ, ಬೋರ್ಡ್ ಒಪ್ಪಿದರೆ ಮಾತ್ರ ಸಿಗುವ ವೇಗ.

ಲೇಬಲ್ಲಿನ 11ನ್ನೂ ನೋಡಿಬಿಡೋಣ. ಕೇಳಿದ ಮಾಹಿತಿ ಬರಲು ಎಷ್ಟು ಗಡಿಯಾರದ ಬಡಿತ ಕಾಯಬೇಕು ಎಂಬ ಅಂಕಿ ಅದು. 1600ರ ಡಿಡಿಆರ್3ರಲ್ಲಿ ಒಂದು ಬಡಿತಕ್ಕೆ 1.25 ನ್ಯಾನೊಸೆಕೆಂಡ್, 11 ಬಡಿತಕ್ಕೆ 13.75. ಈಗ 3200ರ ಡಿಡಿಆರ್4 ತೆಗೆದುಕೊಳ್ಳಿ. ಅದರ ಅಂಕಿ 22, ಬಡಿತ 0.625 ನ್ಯಾನೊಸೆಕೆಂಡ್. ಗುಣಿಸಿದರೆ ಮತ್ತೆ 13.75! ಬೆಳಕೇ ನಾಲ್ಕು ಮೀಟರ್ ಸಾಗುವಷ್ಟು ಹೊತ್ತು. ಪೀಳಿಗೆ ಬದಲಾದಾಗ ಸಾಗಾಟ ಸೆಕೆಂಡಿಗೆ 12.8ರಿಂದ 25.6 ಗಿಗಾಬೈಟಿಗೆ ಏರಿತು, ಕೋಶದಿಂದ ಆವೇಶ ಹೊರಬರುವ ಹೊತ್ತು ಮಾತ್ರ ಹಾಗೇ ಉಳಿಯಿತು. ಡೆನ್ನಾರ್ಡ್ ಕಂಡ ಕೆಪಾಸಿಟರಿಗೆ ಅವಸರ ಮಾಡುವುದು ಯಾರಿಂದಲೂ ಆಗಿಲ್ಲ. 16 ಅಥವಾ 18ರ ಅಂಕಿಗೆಂದು ಜೇಬು ಖಾಲಿ ಮಾಡುವ ಮುನ್ನ ಆಫೀಸು ಕೆಲಸದವರು ಇದನ್ನು ನೆನೆಯಬೇಕು.

ವೇಗಕ್ಕಿಂತ ಹೆಚ್ಚು ಫಲ ಕೊಡುವುದು ಜೋಡಿ. ಕಂಟ್ರೋಲರಿನಿಂದ ಎರಡು ದಾರಿಗಳು ಹೊರಡುತ್ತವೆ, ಒಂದೇ ಸ್ಟಿಕ್ ಇದ್ದರೆ ಒಂದು ದಾರಿ ಖಾಲಿ. 4 ಜಿಬಿಯ ಪಕ್ಕದಲ್ಲಿ ಇನ್ನೊಂದು 4 ಜಿಬಿ ಹಾಕಿದರೆ ಜಾಗವೂ ಇಮ್ಮಡಿ, ಸಾಗಾಟವೂ ಇಮ್ಮಡಿ. ಪ್ರತ್ಯೇಕ ಗ್ರಾಫಿಕ್ಸ್ ಕಾರ್ಡಿಲ್ಲದ ಯಂತ್ರ ಪರದೆಯ ಚಿತ್ರವನ್ನೂ ರ‍್ಯಾಮಿನಲ್ಲೇ ಇಡುವುದರಿಂದ ಅದಕ್ಕೆ ಇದು ಕಣ್ಣಿಗೆ ಕಾಣುವ ಲಾಭ. 4ಕ್ಕೆ 8 ಸೇರಿಸಿದರೂ ತೊಂದರೆಯಿಲ್ಲ: ಇಂಟೆಲ್ ಕಂಟ್ರೋಲರ್ 8 ಜಿಬಿಯಷ್ಟನ್ನು ಎರಡೂ ದಾರಿಯಲ್ಲಿ, ಉಳಿದ 4ನ್ನು ಒಂದೇ ದಾರಿಯಲ್ಲಿ ನಡೆಸುತ್ತದೆ. ನಾಲ್ಕು ಸ್ಲಾಟಿನ ಬೋರ್ಡಾದರೆ ಜೋಡಿಯನ್ನು ಕೂರಿಸಬೇಕಾದದ್ದು ಸಾಮಾನ್ಯವಾಗಿ ಪ್ರೊಸೆಸರಿನಿಂದ ಎಣಿಸಿ ಎರಡನೆಯ ಮತ್ತು ನಾಲ್ಕನೆಯ ಸ್ಲಾಟಿನಲ್ಲಿ.

ಬ್ರ್ಯಾಂಡು ಬೇರೆಯಾದರೆ? ಜಗತ್ತಿನ ಬಹುಪಾಲು ರ‍್ಯಾಮ್ ಚಿಪ್ಪುಗಳನ್ನು ತಯಾರಿಸುವುದು ಸ್ಯಾಮ್‌ಸಂಗ್, ಎಸ್‌ಕೆ ಹೈನಿಕ್ಸ್, ಮೈಕ್ರಾನ್ ಎಂಬ ಮೂವರೇ. ಮೇಲಿನ ಸ್ಟಿಕ್ಕರು ಯಾರದೇ ಇರಲಿ, ಬಿಗಿ ಷರತ್ತುಗಳು ಮೂರೂ ಸರಿಯಿದ್ದರೆ ಮಿಶ್ರಣ ಸಾಮಾನ್ಯವಾಗಿ ನಡೆಯುತ್ತದೆ.

ಕ್ಯಾಬಿನೆಟ್ ತೆರೆದ ಮೇಲೆ

ಎಷ್ಟು ಖರ್ಚು ಮಾಡಬೇಕು ಎಂಬುದೂ ಪೀಳಿಗೆಯ ಪ್ರಶ್ನೆಯೇ. ವಿಂಡೋಸ್ 10ರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು, ನಾಲ್ಕನೇ ಪೀಳಿಗೆಯ ಪ್ರೊಸೆಸರ್ ವಿಂಡೋಸ್ 11ರ ಪಟ್ಟಿಯಲ್ಲಿಲ್ಲ. ಇದಕ್ಕೆ ಹಾಕಿದ ಡಿಡಿಆರ್3 ಮುಂದಿನ ಯಂತ್ರಕ್ಕೆ ಬರುವುದೂ ಇಲ್ಲ. ಆದ್ದರಿಂದ 16ರ ಆಸೆ ಬಿಟ್ಟು ‘4 ಜಿಬಿ, ಪಿಸಿ3-12800ಯು’ ಒಂದನ್ನು ಸೆಕೆಂಡ್ ಹ್ಯಾಂಡ್ ತಂದು ಜೋಡಿ ಮಾಡುವುದು ಜಾಣತನ. ಹೊಸ ಯಂತ್ರಗಳವರ ಲೆಕ್ಕ ಬೇರೆ. ಎಐ ಡೇಟಾ ಸೆಂಟರುಗಳ ಬೇಡಿಕೆಯಿಂದ 2025ರ ಕೊನೆಯಲ್ಲಿ ರ‍್ಯಾಮ್ ಬೆಲೆ ಜಗತ್ತಿನಾದ್ಯಂತ ಜಿಗಿಯಿತು, ಡಿಸೆಂಬರಿನಲ್ಲಿ ಮೈಕ್ರಾನ್ ತನ್ನ ಕ್ರೂಷಿಯಲ್ ಬ್ರ್ಯಾಂಡಿನ ಗ್ರಾಹಕ ವ್ಯಾಪಾರ ನಿಲ್ಲಿಸುವುದಾಗಿ ಹೇಳಿತು. ಇಂಥ ಕಾಲದಲ್ಲಿ ಬೋರ್ಡಿಗೆ ಆಗದ ಸ್ಟಿಕ್ ತಂದರೆ ನಷ್ಟ ಸಣ್ಣದಲ್ಲ.

ಹಾಕುವಾಗ ಪವರ್ ಕೇಬಲ್ ಪೂರ್ತಿ ಕಳಚಿ, ಕ್ಯಾಬಿನೆಟ್ಟಿನ ಲೋಹ ಮುಟ್ಟಿ ಮೈಯಲ್ಲಿನ ಸ್ಥಾಯೀ ವಿದ್ಯುತ್ತು ಇಳಿಸಿಕೊಳ್ಳಬೇಕು. ಕಚ್ಚು ಹೊಂದಿಸಿ ಎರಡೂ ತುದಿ ಸಮನಾಗಿ ಒತ್ತಿದರೆ ಬದಿಯ ಕ್ಲಿಪ್ಪು ಟಕ್ಕೆಂದು ಬೀಳುತ್ತದೆ. ಆನ್ ಮಾಡಿದರೆ ಬರೀ ಬೀಪ್, ಡಿಸ್‌ಪ್ಲೇ ಇಲ್ಲ ಎಂದಾದರೆ ಗಾಬರಿ ಬೇಡ. ಹಾರ್ಡ್‌ವೇರ್ ಹುಡುಗರು ಮೊದಲು ಜೇಬಿನಿಂದ ಪೆನ್ಸಿಲ್ ರಬ್ಬರ್ ತೆಗೆದು ಪಿನ್ನುಗಳನ್ನು ಮೆಲ್ಲಗೆ ಉಜ್ಜುತ್ತಾರೆ. ಚಿನ್ನದ ಲೇಪಕ್ಕೆ ತುಕ್ಕು ಹಿಡಿಯದು, ಆದರೆ ವರ್ಷಗಟ್ಟಲೆ ಕೂತ ಧೂಳು, ಜಿಡ್ಡಿನ ತೆಳುಪದರ ಸಂಪರ್ಕ ತಪ್ಪಿಸುತ್ತದೆ. ರಬ್ಬರಿನ ಪುಡಿಯನ್ನು ಬ್ರಷ್ಷಿನಿಂದ ಕೊಡವಿ ಮತ್ತೆ ಕೂರಿಸಿದರೆ ಎಷ್ಟೋ ಸಲ ಅಷ್ಟಕ್ಕೇ ಸರಿಹೋಗುತ್ತದೆ.

ಯಂತ್ರ ಎದ್ದಿತೆಂದು ಕೆಲಸ ಮುಗಿಯುವುದಿಲ್ಲ. ವಿಂಡೋಸಿನದೇ ಮೆಮೊರಿ ಪರೀಕ್ಷೆಯನ್ನೋ ಮೆಮ್‌ಟೆಸ್ಟ್86ನ್ನೋ ಒಂದು ರಾತ್ರಿ ಓಡಲು ಬಿಡಬೇಕು. ಒಂದೇ ಒಂದು ತಪ್ಪು ಕಂಡರೂ ಸ್ಟಿಕ್ ವಾಪಸು ಕೊಡಬೇಕು. ಅದಕ್ಕೆಂದೇ, ಸೆಕೆಂಡ್ ಹ್ಯಾಂಡ್ ಆದರೂ ವಾಪಸಾತಿಯ ಗಡುವನ್ನು ಬಿಲ್ಲಿನ ಮೇಲೆ ಬರೆಸಿಕೊಂಡಿರಬೇಕು. ಮುಂದೆಂದೋ ಈ ಯಂತ್ರ ಬದಲಾಯಿಸಿದಾಗ ಇದರ ಎರಡೂ ಸ್ಟಿಕ್ಕುಗಳನ್ನು ಗುಜರಿಗೆ ಹಾಕಬೇಡಿ. ಹೊಸ ಯಂತ್ರಕ್ಕೆ ಅವು ಕಸ, ಆದರೆ ಇದೇ ವಯಸ್ಸಿನ ಬೋರ್ಡ್ ಇಟ್ಟುಕೊಂಡಿರುವ ಪಕ್ಕದ ಅಂಗಡಿಯವರಿಗೆ ಬೇಕಾಗುವುದು ಸರಿಯಾಗಿ ಅವೇ.